ಅಪ್ಪ ಇನ್ನು ಬರಲ್ಲಮ್ಮ

ಮಾರ್ಚ್ ೧೧, ಮಂಗಳವಾರ

ಇವತ್ತೂ ಮಧ್ಯಾಹ್ನಕ್ಕೇ ಸೂರ್ಯನನ್ನು ಮುಳುಗಿಸಿದೆ. ಕಿಟಕಿಯ ಪರದೆ ಎಳೆದು, ದೀಪ ಹಾಕಿ, ಉಪವಾಸ ಬಿಡುವ ಹೊತ್ತಿಗೆ ಊರಲ್ಲಿ ಹಾರಿಸುವ ತೋಪಿನ ಸದ್ದು, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟದ್ದು. "ಅಜ್ಜಿ, ತೋಪು ಹಾರಿತು. ಖರ್ಜೂರ ತಗೋ."

ಇದು ರಂಜಾನ್ ಎಂಬುದು ಅವಳಿಗೆ ನೆನಪಿದೆ. ಉಪವಾಸ ಬೇಡ ಎಂದು ಡಾಕ್ಟರು ಹೇಳಿದ್ದು ನೆನಪಿಲ್ಲ. ಹಗಲಲ್ಲಿ ತಿನ್ನು ಅಂದರೆ ನಾನೇ ಧರ್ಮ ಬಿಟ್ಟವಳು ಅನ್ನುವ ಹಾಗೆ ನೋಡುತ್ತಾಳೆ. ಸೂಪು, ಎರಡು ತುಂಡು ಬ್ರೆಡ್ಡು, ಮಾತ್ರೆ. "ಈ ಸಲ ದಿನ ಬೇಗ ಕಳೆಯತ್ತೆ ಕಣೇ, ಉಪವಾಸ ಗೊತ್ತೇ ಆಗಲ್ಲ," ಅಂದಳು.

ಆಮೇಲೆ ಮಾಮೂಲಿ. "ಸಲ್ವಾ, ನಿಮ್ಮಪ್ಪ ಬಂದ್ರಾ?"

ಸಲ್ವಾ ನನ್ನ ಚಿಕ್ಕಮ್ಮ. ನಾನು ದೊರ್ರಾ. ತಾತ ತೀರಿಕೊಂಡು ಎಂಟು ವರ್ಷ.

"ಅಂಗಡಿ ಬಾಗಿಲು ಹಾಕ್ತಿದ್ದಾರೆ. ಬಂದ್ಬಿಡ್ತಾರೆ."

ಅಷ್ಟು ಸಾಕು ಅವಳಿಗೆ. ಮತ್ತೆ ಕೇಳುವವರೆಗೆ ಸಮಾಧಾನ.

ಅಮ್ಮ ಎಣ್ಣೆ ಕಾರ್ಖಾನೆಯ ಆಫೀಸಿನಿಂದ ಬರುವುದು ಸಂಜೆಗೆ. ಚಿಕ್ಕಮ್ಮಂದಿರು ಸೇರಿ ತೀರ್ಮಾನ ಮಾಡಿದ್ದಾರೆ — ದೊರ್ರಾ ಮನೆಯಲ್ಲೇ ಇರ್ತಾಳಲ್ಲ, ಕೆಲಸವೂ ಇಲ್ಲ. ಅರಬಿ ಸಾಹಿತ್ಯದ ಪದವಿ ಗೋಡೆಯ ಮೇಲಿದೆ, ಫ್ರೇಮ್ ಹಾಕಿಸಿದ್ದು ಅಜ್ಜಿಯೇ. ಈಗ ಅದನ್ನು ಯಾರದೋ ಮದುವೆ ಫೋಟೋ ಅಂದುಕೊಂಡಿದ್ದಾಳೆ.

ಬ್ರೆಡ್ಡಿನಂಗಡಿ ಗೋಡೆಯಲ್ಲಿ ಒಂದು ಪೋಸ್ಟರ್. ನಮ್ಮ ಬಡಾವಣೆಯ ಸಂಸ್ಕೃತಿ ಭವನದಲ್ಲಿ ನಾಟಕ. ಮರೆವಿನ ಕಾಯಿಲೆಯ ತಾಯಿ, ಅವಳ ಮಗಳು. ಮಗಳ ಪಾತ್ರಕ್ಕೆ ಆಡಿಷನ್, ಶನಿವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ. ಅನುಭವ ಬೇಕಿಲ್ಲವಂತೆ.

ಬ್ರೆಡ್ಡು ಮರೆತು ಬಂದೆ. ಮತ್ತೆ ಹೋಗಿ ಇನ್ನೊಮ್ಮೆ ಓದಿದೆ.


ಮಾರ್ಚ್ ೧೫, ಶನಿವಾರ

ಅಮ್ಮನಿಗೆ ಲೈಬ್ರರಿ ಎಂದು ಹೇಳಿ ಹೋದೆ.

ಭವನದ ಹಾಲ್‌ನಲ್ಲಿ ಎಲ್ಲರಿಗೂ ಹಸಿವು, ಎಲ್ಲರಿಗೂ ಸಿಟ್ಟು. ನಾಟಕ ಬರೆದದ್ದೂ ಆಡಿಸುವುದೂ ಮುಂಧಿರ್ ಮೇಷ್ಟ್ರು. ರಿಟೈರ್ ಆದ ಅರಬಿ ಮೇಷ್ಟ್ರು, ಈಗಲೂ ಕೈಯಲ್ಲಿ ಚಾಕ್ ಹಿಡಿದವರ ಹಾಗೆ ಬೆರಳು ಆಡಿಸುತ್ತಾರೆ. ತಾಯಿಯ ಪಾತ್ರ ಬ್ಯಾಂಕಿನ ರಫೀಕಾಗೆ ಆಗಲೇ ಕೊಟ್ಟಾಗಿದೆ. ಅವಳು ಕೈ ನಡುಗಿಸುತ್ತಾಳೆ, ತಲೆ ನಡುಗಿಸುತ್ತಾಳೆ. ನನ್ನ ಅಜ್ಜಿಯ ಕೈ ನಡುಗುವುದಿಲ್ಲ. ಸೂಜಿಗೆ ದಾರ ಪೋಣಿಸುತ್ತಾಳೆ, ಯಾಕೆ ಪೋಣಿಸಿದೆ ಅನ್ನುವುದಷ್ಟೇ ಗೊತ್ತಿರುವುದಿಲ್ಲ. ಹೇಳಬೇಕೆನಿಸಿತು.

ದೃಶ್ಯ ಚಿಕ್ಕದು. ತಾಯಿ ಕೇಳಬೇಕು: ನಿಮ್ಮಪ್ಪ ಎಲ್ಲಿ? ಮಗಳು ಹೇಳಬೇಕು: ಅಪ್ಪ ತೀರಿಕೊಂಡರಮ್ಮ. ಅಪ್ಪ ಇನ್ನು ಬರಲ್ಲಮ್ಮ.

ನನಗಿಂತ ಮೊದಲು ಶಿರೀನ್ ಅನ್ನುವ ಹುಡುಗಿ. ಮಾತು ಶುರುವಾಗುವ ಮೊದಲೇ ಕಣ್ಣೀರು, ಕೆನ್ನೆ, ಗಲ್ಲ, ಕಾಲರ್ ಎಲ್ಲ ಒದ್ದೆ. "ಸಾಕು ತಾಯಿ ಸಾಕು," ಅಂದರು ಮೇಷ್ಟ್ರು. "ಎಲ್ಲರೂ ಉಪವಾಸ ಇದ್ದೀವಿ, ಇಷ್ಟು ನೀರು ತೋರಿಸ್ಬೇಡ."

ನನ್ನ ಸರದಿ. ರಫೀಕಾ ಕೇಳಿದಳು, "ನಿಮ್ಮಪ್ಪ ಎಲ್ಲಿ?"

ಬಾಯಿಗೆ ಬಂದದ್ದು — "ಅಂಗಡಿ ಬಾಗಿಲು ಹಾಕ್ತಿದ್ದಾರೆ. ಬಂದ್ಬಿಡ್ತಾರೆ."

ರಫೀಕಾಳ ಕೈ ನಡುಗುವುದು ನಿಂತಿತು.

"ಇದು ಸ್ಕ್ರಿಪ್ಟಲ್ಲಿ ಎಲ್ಲಿದೆ?" ಮೇಷ್ಟ್ರು.

"ಇಲ್ಲ ಮೇಷ್ಟ್ರೇ."

"ಇರೋದನ್ನ ಹೇಳು."

ಇನ್ನೊಮ್ಮೆ. ಬಾಯಿ ತೆರೆದೆ. ಮತ್ತೆ ಅಂಗಡಿಯೇ ಬಂತು. ಹಿಂದೆ ಯಾರೋ ಕಿಸಕ್ಕೆಂದರು.

ಮೇಷ್ಟ್ರು ಹತ್ತಿರ ಬಂದರು. "ನಿನ್ನ ದನಿ ನಂಬೋ ಹಾಗಿದೆ. ಆ ಸುಳ್ಳನ್ನ ನಾನೇ ನಂಬಿಬಿಟ್ಟೆ. ಆದರೆ ನನ್ನ ನಾಟಕ ನಿಂತಿರೋದು ಆ ಒಂದು ಮಾತಿನ ಮೇಲೆ. ಮುಂದಿನ ಶನಿವಾರ ಬಾ. ಹೇಳಿದ್ರೆ ಪಾತ್ರ ನಿಂದು. ಇಲ್ದಿದ್ರೆ ಆ ನೀರಿನ ಟ್ಯಾಂಕಿಗೇ ಕೊಡ್ತೀನಿ."

ಹೊರಡುವಾಗ ರಫೀಕಾ "ಹೋಗಿ ಬಾ ದೊರ್ರಾ" ಅಂದಳು. ಹೊರಗಿನವರ ಬಾಯಲ್ಲಿ ನನ್ನ ಹೆಸರು ಕೇಳಿ ಎಷ್ಟು ಕಾಲವಾಗಿತ್ತು... ಟ್ರಾಫಿಕ್ ಲೈಟ್ ಹಸಿರಾದರೂ ನಿಂತೇ ಇದ್ದೆ.

ಈ ಪಾತ್ರ ಬೇಕು. ಬೇರೆ ಏನೂ ಇಷ್ಟು ಬೇಕೆನಿಸಿಲ್ಲ.


ಮಾರ್ಚ್ ೧೬, ಭಾನುವಾರ

ಅಮ್ಮನಿಗೆ ಗೊತ್ತಾಯಿತು. ನಗುತ್ತಾಳೋ ಬೈಯುತ್ತಾಳೋ ತಿಳಿಯದ ಮುಖ.

"ನಾಟಕ ಮಾಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಮನೇಲಿ ದಿನಾ ಮ್ಯಾಟಿನಿ ಮಾಡ್ತೀಯಲ್ಲ."

"ಇಲ್ಲಿ ನೋಡೋರು ಯಾರಮ್ಮ?"

ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ರಿಹರ್ಸಲ್‌ಗೆ ಹೋದ್ರೆ ಅಜ್ಜಿನ ಯಾರು ನೋಡ್ಕೋತಾರೆ?"

"ಕೆಳಗಿನ ಮನೆ ಲಲ್ಲಾ ಶಾದ್ಲಿಯಾನ ಕೇಳ್ತೀನಿ."

"ಮೊದಲು ಪಾತ್ರ ಸಿಗಲಿ."

ಬೇಡ ಅನ್ನಲಿಲ್ಲ.


ಮಾರ್ಚ್ ೧೮

ಬಚ್ಚಲಲ್ಲಿ ನಲ್ಲಿ ಬಿಟ್ಟು ಅಭ್ಯಾಸ. ಪುಸ್ತಕದ ಭಾಷೆಯಲ್ಲಿ ಸಲೀಸಾಗಿ ಬರುತ್ತದೆ — ಪರೀಕ್ಷೆಯ ಉತ್ತರದ ಹಾಗೆ. ಮನೆಮಾತಿನಲ್ಲಿ ಹೇಳಲು ಹೋದರೆ ಮೊದಲ ಪದಕ್ಕೇ ನಿಲ್ಲಿಸಿ ಮುಖ ತೊಳೆದುಕೊಳ್ಳುತ್ತೇನೆ. ತಾತ ಸತ್ತ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮಾತನ್ನು ಗಟ್ಟಿಯಾಗಿ ಆಡಿಲ್ಲ. ಮೊದಲು ದುಃಖಕ್ಕೆ. ಆಮೇಲೆ ಅಜ್ಜಿಗಾಗಿ.


ಮಾರ್ಚ್ ೨೦, ಗುರುವಾರ

ನಿನ್ನೆ ಬರೆಯಲಾಗಲಿಲ್ಲ.

ಮಧ್ಯಾಹ್ನದ ಮೇಲೆ ಅಜ್ಜಿ ಮಲಗಿದ್ದಳು. ನಾನು ಅಡುಗೆಮನೆಯಲ್ಲಿ, ಒಲೆಯ ಮೇಲೆ ಸಂಜೆಯ ಸೂಪು. ಸೌಟು ಆಡಿಸುತ್ತಾ ಸುಮ್ಮನೆ ಹೇಳಿದೆ. ಬಂದುಬಿಟ್ಟಿತು. ಅಳು ಇಲ್ಲ, ಏರು ದನಿ ಇಲ್ಲ. ಅಪ್ಪ ತೀರಿಕೊಂಡರಮ್ಮ. ಅಪ್ಪ ಇನ್ನು ಬರಲ್ಲಮ್ಮ. ಎಷ್ಟು ಖುಷಿಯಾಯಿತೆಂದರೆ ಸೌಟು ಕೆಳಗಿಟ್ಟು ತಿರುಗಿದೆ.

ಬಾಗಿಲಲ್ಲಿ ಅಜ್ಜಿ.

"ಯಾವಾಗ?" ಅಂದಳು.

"ನಾಟಕ ಅಜ್ಜಿ. ನಾಟಕದ ಮಾತು."

ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಒಲೆ ಆರಿಸಿದಳು. "ಸಾವಿನ ಮನೇಲಿ ಒಲೆ ಉರಿಸ್ತಾರೇನೇ? ಯಾರ ಮಗಳು ನೀನು?"

ಹಾಲಿನಲ್ಲಿ ಚಾಪೆ ಹಾಸಿದಳು. ಗೋಡೆಗೆ ಒರಗಿ, ಬಾಗಿಲಿಗೆ ಮುಖ ಮಾಡಿ ಕೂತಳು, ಬರುವವರಿಗೆ ಜಾಗ ಬಿಟ್ಟು. ಯಾರು ಬರುತ್ತಾರೆ? "ಊರಿಗೆಲ್ಲ ಬೇಕಾದ ಮನುಷ್ಯ. ಒಬ್ಬರೂ ಬರಲಿಲ್ಲವಲ್ಲ," ಅಂದಳು. ಅತ್ತದ್ದು ಆಗ.

ಅಮ್ಮ ಬಂದಳು. ನೋಡಿದಳು. "ಯಾರು ಹೇಳಿದ್ದು?"

"ನಾನು."

ಅಮ್ಮ ಬ್ಯಾಗು ಇಟ್ಟು ಒಲೆ ಹಚ್ಚಲು ಹೋದಳು. ಅಜ್ಜಿ ಕೂಗಿದ ಕೂಗಿಗೆ ಕೈ ಹಿಂದಕ್ಕೆ ಬಂತು. ಸೂಪು ಅರ್ಧ ಬೆಂದು ನಿಂತಿತ್ತು. ಕೆಳಗೆ ಹೋಗಿ ಹೇಳಿದೆ. ಸೂರ್ಯ ಮುಳುಗುವ ಹೊತ್ತಿಗೆ ಲಲ್ಲಾ ಶಾದ್ಲಿಯಾ ಪಾತ್ರೆ ಹೊತ್ತು ಬಂದಳು, ಮೆಟ್ಟಿಲಲ್ಲಿ ಏದುಸಿರು. "ಏನ್ರೇ ಇದು, ಒಂದೇ ಸಾವಿಗೆ ಎರಡು ಸಲ ಊಟ ಹೊರಿಸ್ತೀರಲ್ಲ!" ಒಳಗೆ ಬಂದದ್ದೇ ಬೇರೆ ಹೆಂಗಸಾಗಿಬಿಟ್ಟಳು. ಚಾಪೆಯ ಮೇಲೆ ಕೂತು ಅಜ್ಜಿಯ ಕೈ ಹಿಡಿದಳು. "ದೇವರು ಅವರಿಗೆ ಕರುಣೆ ತೋರಲಿ. ನಿನಗೆ ತಾಳ್ಮೆ ಕೊಡಲಿ, ತಂಗಿ." ನಟನೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ.


ಮಾರ್ಚ್ ೨೧, ಶುಕ್ರವಾರ

ನಿದ್ದೆ ಮಾಡಿ ಎದ್ದರೆ ಮರೆಯುತ್ತಾಳೆ ಅಂದುಕೊಂಡಿದ್ದೆವು. ಎಲ್ಲವನ್ನೂ ಮರೆಯುವವಳು.

ಯಾರು ಎಂಬುದು ಮರೆತಿದೆ. ಸಾವು ಮರೆತಿಲ್ಲ.

"ಯಾರು ಹೋದದ್ದು, ಮಗಳೇ?"

"ಯಾರೂ ಹೋಗಿಲ್ಲ."

"ಸುಳ್ಳು ಹೇಳ್ಬೇಡ. ಎದೆ ಇಷ್ಟು ಭಾರ ಇದೆ, ಸುಮ್ಮನೆ ಇರತ್ತಾ?"

ತೋಪು ಹಾರಿಸಿದೆ. ಬಾಯಿ ತೆರೆಯಲಿಲ್ಲ. ಮಾತ್ರೆ ಕೂಡ ಇಲ್ಲ.

ಇನ್ನೊಂದು. ಮೊನ್ನೆಯಿಂದ ಒಂದು ಸಲವೂ ಕೇಳಿಲ್ಲ — ಬಂದ್ರಾ ಎಂದು. ಆ ಪ್ರಶ್ನೆಯಿಂದ ನನಗೆ ಎಷ್ಟು ಬೇಸರವಾಗುತ್ತಿತ್ತು. ಈಗ ಮನೆ ತುಂಬ ಖಾಲಿ.

ನಾಳೆ ಹೋಗುವುದಿಲ್ಲ.


ಮಾರ್ಚ್ ೨೨, ಶನಿವಾರ

ಹೋದೆ.

ಅಮ್ಮನೇ ಕಳಿಸಿದಳು. "ಆಗಿದ್ದು ಆಯ್ತು. ಅದಕ್ಕೆ ಇಷ್ಟು ತೆತ್ತಿದ್ದೀವಿ, ಪಾತ್ರನಾದ್ರೂ ತಗೊಂಡು ಬಾ." ಹೇಳುತ್ತಾ ನನ್ನ ಸ್ಕಾರ್ಫ್ ಸರಿ ಮಾಡಿದಳು. ಜೋರಾಗಿಯೇ ಎಳೆದಳು.

ರಫೀಕಾ ಕೇಳಿದಳು. ನಾನು ಹೇಳಿದೆ. ಅವಳ ಮುಖ ನೋಡಿಯೇ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಎಲ್ಲಿ ಕಲಿತೆ ಇದನ್ನ?"

"ಮನೇಲಿ."

"ಹೀಗೇ ಹೇಳು. ರಿಹರ್ಸಲ್ಲಲ್ಲೂ, ಶೋನಲ್ಲೂ. ಒಂದು ಅಕ್ಷರ ಆಚೀಚೆ ಆಗೋದು ಬೇಡ."

ಶಿರೀನ್ ಬಂದು ತಬ್ಬಿಕೊಂಡಳು. ಮತ್ತೆ ಅಳುತ್ತಿದ್ದಳು, ಈ ಸಲ ನಿಜಕ್ಕೂ. ಮೂವತ್ತೊಂದನೇ ತಾರೀಕು ಸೋಮವಾರದಿಂದ ರಿಹರ್ಸಲ್ ಅಂತೆ — ಯಾರೋ ಅಂದರು, ಅವತ್ತು ಹಬ್ಬ ಅಲ್ವಾ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೀದಿಯ ತುದಿಯವರೆಗೂ ನಗುತ್ತಲೇ ಬಂದೆ.


ಅದೇ ದಿನ, ಸಂಜೆ

ಅಮ್ಮ ಔಷಧಿ ತರಲು ಹೋಗಿದ್ದಳು. ಶಾದ್ಲಿಯಾ ನನ್ನನ್ನು ಕಂಡು ಕೆಳಗಿಳಿದು ಹೋದಳು. ಅಜ್ಜಿ ಚಾಪೆಯ ಮೇಲೆ, ಅದೇ ಜಾಗ.

ಯಾರಿಗಾದರೂ ಹೇಳಬೇಕಿತ್ತು.

"ಅಜ್ಜಿ, ನನಗೆ ಪಾತ್ರ ಸಿಕ್ಕಿತು."

ನೋಡಿದಳು. ಪರಿಚಯವಿಲ್ಲದವರನ್ನು ನೋಡುವಾಗ ಬರುವ ಮರ್ಯಾದೆಯ ನೋಟ. ತಲೆಯ ಸ್ಕಾರ್ಫ್ ಸರಿ ಮಾಡಿಕೊಂಡು ಪಕ್ಕಕ್ಕೆ ಸರಿದಳು.

"ಬನ್ನಿ. ಕೂತ್ಕೊಳ್ಳಿ," ಅಂದಳು. ಹುಟ್ಟಿದಾಗಿನಿಂದ ನನಗೆ ಬಹುವಚನ ಹಾಕಿದವಳಲ್ಲ. "ಬಂದವರು ನೀವೊಬ್ಬರೇ. ದೇವರು ಒಳ್ಳೇದು ಮಾಡಲಿ."

ಕೂತೆ. ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹೋದವರಿಗೆ ನೀವು ಏನಾಗಬೇಕು?" ಎಂದು ಕೇಳಿದಳು.

ಹೇಳಿದೆ. ನಾನು ಅವರ ಮೊಮ್ಮಗಳು, ದೊರ್ರಾ.