ಬೆಳ್ಳಿಯನ್ನು ಯಾರೂ ಕೇಳಲಿಲ್ಲ

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 9.20

ಮತ್ತೆ ನಾನು ಇಳಿಯಬೇಕಾದ ಶಾಸ್ತ್ರಿ ಸರ್ಕಲ್ ದಾಟಿಹೋಯಿತು. ಮುಂದೆ ಇಳಿದು ಹಿಂದಕ್ಕೆ ನಡೆದೆ. ತಪ್ಪು ನನ್ನದೇ — ಬಸ್ಸಿನಲ್ಲಿ ಕೂತು, ಲೈಟ್‌ಹೌಸಿನ ಬಾಗಿಲು ತೆಗೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಮೊಬೈಲ್ ಗೇಮ್. ಚಿತ್ರ ಇಲ್ಲ, ಗುಂಡು ಹಾರಿಸುವುದಿಲ್ಲ. ಬರೀ ಅಕ್ಷರ, ಕೆಳಗೆ ಎರಡು ಬಟನ್. ಇದನ್ನು ಒತ್ತಿದರೆ ಕಥೆ ಹೀಗೆ, ಅದನ್ನು ಒತ್ತಿದರೆ ಹಾಗೆ. ಕಾದಂಬರಿಯಲ್ಲಿ ಯಾರಾದರೂ ದಡ್ಡತನ ಮಾಡಿದರೆ ಬೈಯಬಹುದು. ಇಲ್ಲಿ ದಡ್ಡಿ ನಾನೇ. ಅದಕ್ಕೇ ಬಿಡಲಾಗುವುದಿಲ್ಲ.

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಾಲೀಕ ಮನೀಷಣ್ಣ ಗಡಿಯಾರ ನೋಡಿದ, ನನ್ನನ್ನು ನೋಡಿದ. ಮದುವೆ ಕಾಗದಗಳು ರಾಶಿ ಬಿದ್ದಿವೆ, ಎಲ್ಲ ನಾನೇ ಟೈಪ್ ಮಾಡಬೇಕು. ಕೂತಲ್ಲಿ ಕೂರಲು ಆಗುತ್ತಿಲ್ಲ. ನಾನು ಬರೆದ ಗೇಮ್ ಹದಿನಾರಕ್ಕೆ ಸ್ಪರ್ಧೆಗೆ ಹೋಗಬೇಕು, ಸಂಜೆ ಆರರೊಳಗೆ. ಎರಡು ವರ್ಷದ ಕೆಲಸ. ಮನೆಯಲ್ಲಿ ಹೇಳಿಲ್ಲ. ಹೇಗೆ ಹೇಳಲಿ — ಅದು ದೊಡ್ಡಮ್ಮನ ಕಥೆ. ಅವರನ್ನು ಒಂದು ಮಾತು ಕೇಳದೆ ಬರೆದದ್ದು.

ನವೆಂಬರ್ 6, ಗುರುವಾರ. ಸಂಜೆ

ದೊಡ್ಡಮ್ಮನ ಕಣ್ಣಿನ ಪೊರೆ ಆಪರೇಷನ್ ಆಗಿ ಎರಡು ದಿನ. ಟಿವಿ ಇಲ್ಲ, ಮೊಬೈಲ್ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಯಡ್ತರೆಯ ಈ ಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದಾರೆ. ಅಮ್ಮನ ಅಕ್ಕ ಅವರು. ಗಂಡ ತೀರಿಕೊಂಡ ಮೇಲೆ ಬೊಂಬಾಯಿಯ ಹೋಟೆಲ್ ಮುಚ್ಚಿ ಬಂದು ನಮ್ಮ ಜೊತೆಗೇ ಇದ್ದಾರೆ.

ಸುಮ್ಮನಿರಲಿ ಅಂತ ಲೈಟ್‌ಹೌಸ್ ಗೇಮನ್ನು ಕನ್ನಡ ಮಾಡಿ ಓದಿ ಹೇಳಿದೆ. ಬಾಗಿಲ ಹೊರಗೆ ಯಾರೋ ಅಳುತ್ತಿದ್ದಾರೆ. ತೆಗೆಯುವುದೋ, ದೀಪ ಆರಿಸುವುದೋ?

"ಎರಡೂ ಬ್ಯಾಡ. ಯಾರ್ ಅಂದೇಳಿ ಕೇಣ್ ಮೊದ್ಲ್."

"ಕೇಂಬುಕೆ ಬಟನ್ ಇಲ್ಲೆ ದೊಡ್ಡಮ್ಮಾ."

"ಕೇಣ್ದೆ ಬಾಗ್ಲ್ ತೆಗುದಾ? ಎಂತಾ ಆಟ ಮಾರಾಯ್ತಿ ಇದ್!"

ಯಾರು ಅಂತ ಕೇಳಲೂ ಬಿಡದ ಆಟ ಅಂತ ಬೈದು ಬೈದು ಕಡೆಯವರೆಗೂ ಕೇಳಿದರು.

ನವೆಂಬರ್ 9, ಭಾನುವಾರ

ಊಟವಾಗುವ ಮೊದಲೇ "ಇನ್ನೊಂದ್ ಓದ್" ಅನ್ನುತ್ತಾರೆ. ಅಮ್ಮನಿಗೆ ಸಿಟ್ಟು. "ಅರವತ್ನಾಲ್ಕ್ ವರ್ಷದವ್ರಿಗ್ ಮೊಬೈಲ್ ಹುಚ್ಚ್ ಹಿಡ್ಸ್ತೆ."

ನನ್ನ ಗೇಮ್ ಇನ್ನೊಮ್ಮೆ ತೆಗೆದು ನೋಡಿದೆ. ಹುಡುಗಿಯ ಹೆಸರು ಬೆಳ್ಳಿ. ಊರು ಹಂಗಾರಕಟ್ಟೆ. ದೋಣಿ ಕಟ್ಟುವ ಹುಡುಗನೊಬ್ಬ ಅವಳಿಗಾಗಿ ಕಾಯುತ್ತಾನೆ. ಬೊಂಬಾಯಿ ಹೋಟೆಲಿನವರ ಸಂಬಂಧ ಬರುತ್ತದೆ. ನಮ್ಮಲ್ಲಿ ಹೆಣ್ಣು ಕೊಡುವ ಮಾತು ಅಪ್ಪನದಲ್ಲ, ತಾಯಿಯ ಅಣ್ಣನದು. ಮಾವ ಜಗಲಿಯಲ್ಲಿ ಕೂತು "ನಮ್ಮ ಹುಡುಗಿ ಒಪ್ಪಿದ್ದಾಳೆ" ಅನ್ನುತ್ತಾನೆ. ಬೆಳ್ಳಿ ಅಡುಗೆಮನೆಯಲ್ಲೇ ಇರುತ್ತಾಳೆ. ಇಡೀ ಗೇಮಿನಲ್ಲಿ ಅದೊಂದೇ ಪುಟದಲ್ಲಿ ಆಯ್ಕೆಯಿಲ್ಲ. ಒಂದೇ ಬಟನ್ — ‘ಮುಂದೆ’. ಅದು ನನ್ನ ಜಾಣತನ ಅಂತ ನನಗೆ ಭಾರೀ ಹೆಮ್ಮೆ.

ಅಮ್ಮ ಚಿಕ್ಕಂದಿನಿಂದ ಹೇಳಿದ್ದು ಇಷ್ಟೇ: ಕುಷ್ಟ ಮಾವ, ಅಂದರೆ ಅವರಿಬ್ಬರ ಸೋದರಮಾವ, ಅಕ್ಕನ ಜೀವ ಹಾಳು ಮಾಡಿದ. ಮಾವ ಸಾಯುವಾಗ ಹೇಳಿಕಳಿಸಿದರೂ ಅಮ್ಮ ಹಂಗಾರಕಟ್ಟೆಗೆ ನೋಡಲು ಹೋಗಲಿಲ್ಲ.

ನವೆಂಬರ್ 11, ಮಂಗಳವಾರ. ಸಂಜೆ 6

"ಕನ್ನಡದ್ದ್ ಒಂದೂ ಇಲ್ದಾ?" ಅಂದರು. ಬಾಯಿ ತಪ್ಪಿ ಇದೆ ಅಂದೆ. ಅಮ್ಮ ಡೈರಿಗೆ ಹಾಲು ಕೊಡಲು ಹೋಗಿದ್ದಳು. ಬೆಳ್ಳಿಯ ನಾಲ್ಕು ಪುಟ ಓದಿದೆ. ಬರೆದದ್ದು ಯಾರೋ ಅಂದೆ. ದೋಣಿ ಶೆಡ್ಡಿನ ಪುಟ ಬಂದಾಗ ದೊಡ್ಡಮ್ಮ ಹತ್ತಿರ ಸರಿದು ಕೂತರು. ಬೈಯಲಿಲ್ಲ. ನನಗೆ ಹೆದರಿಕೆಯಾಗಿ ನಾಳೆ ಓದುತ್ತೇನೆ ಅಂತ ಎದ್ದುಬಿಟ್ಟೆ.

ನವೆಂಬರ್ 12, ಬುಧವಾರ. ಸಂಜೆ 6.40

ಜಗಲಿಯ ಪುಟ ಓದಿ ಮುಗಿಸಿದೆ.

"ಇಲ್ಲ್ ಬಟನ್ ಎಷ್ಟ್ ಇತ್ತ್?"

"ಒಂದೇ."

"ಹೆಣ್ಣನ್ನ್ ಯಾರೂ ಕೇಂತಿಲ್ಲ್ಯಾ?"

"ಆ ಕಾಲದಗೆ ಯಾರ್ ಕೇಂತ್ರ್? ಮಾವ ಹೇಳ್ರೆ ಮುಗೀತಲ್ದಾ."

ದೊಡ್ಡಮ್ಮ ನನ್ನ ಕಡೆ ತಿರುಗಿ, "ಬರ್ದದ್ದ್ ನೀನೇ ಅಲ್ದಾ?" ಅಂದರು. ಹೌದು ಅಂದೆ. ಬೈಗುಳ ಕಾಯುತ್ತಾ ಕೂತೆ.

"ಸುಳ್ಳ್ ಬರ್ದೆ ಮಗಾ. ಮಾವ ನನ್ನ ಕೇಂಡಿರ್. ಅಡ್ಗಿ ಒಳಗ್ ಬಂದ್, ಬಾಗ್ಲ್ ಹಾಯ್ಕಂಡ್ ಕೇಂಡಿರ್. ದೋಣಿ ಕಟ್ಟು ಕಿಟ್ಟನಾ, ಬೊಂಬಾಯಿಯವನಾ, ನೀ ಹೇಳ್ದಂಗೆ ಮಾಡ್ತೆ ಅಂದ್ರ್. ಬೊಂಬಾಯಿ ಅಂದದ್ದ್ ನಾನೇ."

"ಎಂತಕೆ?"

"ಕಿಟ್ಟ ಒಳ್ಳೆಯವ್ನೇ. ಆರೆ ದೋಣಿ ಬಿಟ್ಟ್ ಬಪ್ಪವ ಅಲ್ಲ. ನಂಗೆ ಬೊಂಬಾಯಿ ಕಾಣ್ಕಿದ್ದಿತ್. ಅಷ್ಟೇ."

ಕಿಟ್ಟ ಅಂಗಳಕ್ಕೆ ಬಂದು ಕೂಗಾಡಿದನಂತೆ. ಹುಡುಗಿಯ ಹೆಸರು ಕೆಡಬಾರದು ಅಂತ ಮಾವ "ನಾನೇ ಬೇಡ ಅಂದದ್ದು" ಎಂದರಂತೆ. ಇಡೀ ಊರು ನಂಬಿತು. ಅವರ ತಂಗಿ ರತ್ನ, ಆಗ ಹದಿನಾರು ವರ್ಷದ ನನ್ನ ಅಮ್ಮ, ಅವಳೂ ನಂಬಿದಳು.

"ಸಾಯುವತಿಗೆ ರತ್ನ ಹೋಯ್ಲಿಲ್ಲೆ. ನನ್ ಸಲುವಾಗಿ ಹೋಯ್ಲಿಲ್ಲೆ. ನಾ ಬಾಯಿ ಮುಚ್ಕಂಡ್ ಬೊಂಬಾಯಗೆ ಕೂಕಂಡಿದ್ದೆ."

ಗೇಟು ಸದ್ದಾಯಿತು. ಅಮ್ಮ ಬಂದಳು, ಹಾಲಿನ ಕ್ಯಾನು ತೊಳೆದು ಕವುಚಿ ಹಾಕಿದಳು.

ನವೆಂಬರ್ 15, ಶನಿವಾರ. ಮಧ್ಯಾಹ್ನ, ಪ್ರೆಸ್

ಎರಡು ದಿನ ಬರೆಯಲಿಲ್ಲ. ಒಂದು ಮದುವೆ ಕಾಗದದಲ್ಲಿ ವರನ ಜಾಗಕ್ಕೆ ವಧುವಿನ ತಂದೆಯ ಹೆಸರು ಹಾಕಿದೆ. ಪುಣ್ಯಕ್ಕೆ ಪ್ರಿಂಟ್ ಆಗುವ ಮೊದಲು ಮನೀಷಣ್ಣ ನೋಡಿದ.

ನಾಚಿಕೆಯಾಗುತ್ತಿದೆ. ದೊಡ್ಡಮ್ಮನಿಗೆ ದನಿಯಾಗುತ್ತೇನೆ ಅಂತ ಹೊರಟವಳು ಅವರಿಗಿದ್ದ ದನಿಯನ್ನೇ ಕಿತ್ತುಕೊಂಡೆ. ಗೇಮ್ ಕಳಿಸುವುದೇ ಬೇಡ ಅಂತ ಬೆಳಿಗ್ಗೆ ಅವರಿಗೆ ಹೇಳಿದೆ.

"ಕಳ್ಸ್. ಆರೆ ಆ ಪುಟಕ್ಕ್ ಎರಡ್ ಬಟನ್ ಇಡ್. ಇಲ್ದಿರೆ ನನ್ನ ಕೇಂಡಿರ್ ಅಂದೇಳಿ ಯಾರಿಗ್ ಗೊತ್ತಾತ್ತ್?"

"ಅಮ್ಮ?"

"ಅವ್ಳಿಗೇ ಮೊದ್ಲ್ ಓದ್. ನಂಗ್ ಹೇಳುಕೆ ಬಾಯಿ ಬತ್ತಿಲ್ಲೆ. ರತ್ನ ಬ್ಯಾಡ ಅಂದ್ರೆ ಮಾತ್ರ ಕಳ್ಸ್‌ಬ್ಯಾಡ."

ನವೆಂಬರ್ 16, ಭಾನುವಾರ. ಮಧ್ಯಾಹ್ನ 3

ಎರಡು ಬಟನ್ ಇಟ್ಟಾಯಿತು. ಕಿಟ್ಟನ ಕಡೆಯ ದಾರಿ ಬರೆಯುವುದೇ ಕಷ್ಟವಾಯಿತು, ಬೆಳ್ಳಿ ಅಲ್ಲಿ ಖುಷಿಯಾಗಿರಬೇಕೋ ಬೇಡವೋ ಗೊತ್ತಾಗಲಿಲ್ಲ. ಅಮ್ಮ ಹಿಂದಿನ ಬಾಗಿಲಲ್ಲಿ ಒಣ ಸಿಗಡಿಯ, ನಮ್ಮ ಚಟ್ಲಿಯ, ತಲೆ ಮುರಿಯುತ್ತಾ ಕೂತಿದ್ದಾಳೆ. ದೊಡ್ಡಮ್ಮ ಎರಡು ಸಲ ನೀರು ಕುಡಿದರು. ನಾನು ಮೂರು ಸಲ. ಹೋಗಬೇಕು.

4.25

ಜಗಲಿಗೆ ಓಡಿಬಂದಿದ್ದೇನೆ.

ಎರಡನೇ ಪುಟಕ್ಕೇ ಅಮ್ಮನಿಗೆ ಗುರುತು ಸಿಕ್ಕಿತು. "ಅಕ್ಕನ್ ಕಥಿ! ಲಾಯ್ಕ್ ಮಾಡ್ದೆ. ಆ ಮಾವನ್ನ ಸಮಾ ಬರಿ ನೀನ್." ಉತ್ಸಾಹದಿಂದ ಬಟನ್ ಆರಿಸಿದಳು. ಕೈಯೆಲ್ಲಾ ಚಟ್ಲಿ, ಅದಕ್ಕೆ ಒತ್ತುವುದು ನಾನು.

ಮಾವ ಅಡುಗೆಮನೆಗೆ ಬಂದರು, ಬಾಗಿಲು ಹಾಕಿದರು, ಕೇಳಿದರು ಅಂತ ಓದಿದೆ. ಅಮ್ಮನ ಕೈ ನಿಂತಿತು.

"ಇದ್ ನೀ ಸೇರ್ಸದ್ದಾ?"

ದೊಡ್ಡಮ್ಮ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡರು. ಕನ್ನಡಕ ತೆಗೆದು, ಮೂಗಿನ ಹತ್ತಿರ ಹಿಡಿದು ಎರಡೂ ಬಟನ್ ಓದಿದರು. ‘ಬೊಂಬಾಯಿ’ ಒತ್ತಿದರು. ಒತ್ತಿ, ಮೊಬೈಲನ್ನು ಅಮ್ಮನ ಮಡಿಲಿಗೆ ಇಟ್ಟರು.

ಒಳಗೆ ಏನೂ ಕೇಳಿಸುತ್ತಿಲ್ಲ. ಅಳುತ್ತಿದ್ದರೆ ಒಳ್ಳೆಯದಿತ್ತು. ನಾನು ಮಾಡಿದ್ದು ಸರಿಯೋ... ಸ್ಪರ್ಧೆ ಸಾಯಲಿ, ಇವರಿಬ್ಬರೂ ಒಬ್ಬರಿಗೊಬ್ಬರು ಇಲ್ಲದಂತಾದರೆ ನಾನು ಏನು ಮಾಡಲಿ?

5.25

ಅಮ್ಮ ಬಂದಳು. ಮುಖ ತೊಳೆದಿದ್ದಾಳೆ, ಸೀರೆ ಬದಲಿಸಿದ್ದಾಳೆ. ಕಣ್ಣು ಕೆಂಪು. ಮೊಬೈಲ್ ನನ್ನ ಕೈಗೆ ಕೊಟ್ಟಳು.

"ಅದ್ರಗೆ ಮಾವ ಅಂದೇಳಿ ಮಾತ್ರ ಇತ್ತ್, ಹೆಸ್ರಿಲ್ಲೆ. ಕುಷ್ಟ ಅಂದೇಳಿ ಬರಿ. ಬರ್ದ್ ಕಳ್ಸ್."

ಆಯಿತು ಅಂದೆ.

"ಹಂಗಾರಕಟ್ಟಿಗ್ ಬಸ್ ಎಷ್ಟೊತ್ತಿಗೆ?"

ಬ್ರಹ್ಮಾವರದಲ್ಲಿ ಇಳಿದು ಬಸ್ ಬದಲಿಸಬೇಕು, ಅಷ್ಟರಲ್ಲಿ ಕತ್ತಲಾಗುತ್ತದೆ ಅಂದೆ. ಆಮೇಲೆ ತಡೆಯಲಾರದೆ, "ಅಮ್ಮಾ, ಮಾವ ಸತ್ತ್ ಇಪ್ಪತ್ನಾಲ್ಕ್ ವರ್ಷ ಆಯ್ತಲೆ" ಅಂದೆ.

"ಗೊತ್ತಿತ್ತ್. ಬಸ್ ಎಷ್ಟೊತ್ತಿಗೆ?"

ಹೆಸರು ಹಾಕಿದೆ. ಕಳಿಸಿದೆ, 5.41. ಅಮ್ಮ ಗೇಟು ತೆಗೆದು ನಿಂತಿದ್ದಾಳೆ. ಹಿಂದೆ ದೊಡ್ಡಮ್ಮ, ಕಪ್ಪು ಕನ್ನಡಕದಲ್ಲಿ ಚಪ್ಪಲಿ ತಡಕುತ್ತಾ. ಅಮ್ಮ ತಿರುಗಿ ನೋಡಿದಳು. ವಾಪಸು ಬಂದು, ಬಗ್ಗಿ, ಚಪ್ಪಲಿಯನ್ನು ಅಕ್ಕನ ಕಾಲಿನ ಹತ್ತಿರ ಇಟ್ಟಳು.