ಮೂರನೇ ಸೇತುವೆಯ ಗುರುತು

ಹೊಲಿಗೆ ಅಂಗಡಿಯಿಂದ,
ಮಾರ್ಚ್ ಹನ್ನೆರಡು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ನೀನು, ಅತ್ತಿಗೆ, ಮಗು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಮರದ ಡಿಪೋದಲ್ಲಿ ದಿನವಿಡೀ ನಿಂತೇ ಇರುತ್ತೀಯಂತೆ. ನಡುವೆ ಹತ್ತು ನಿಮಿಷ ಕೂತರೆ ಯಾವ ದಿಮ್ಮಿಯೂ ಎದ್ದು ಓಡಿಹೋಗುವುದಿಲ್ಲ. ಅತ್ತಿಗೆ ಕಳಿಸಿದ್ದ ಬಟ್ಟೆ ಹೊಲಿದು ಇಟ್ಟಿದ್ದೇನೆ, ತೋಳು ಒಂದಿಷ್ಟು ಸಡಿಲ ಬಿಟ್ಟಿದ್ದೇನೆ ಎಂದು ತಿಳಿಸು. ದಪ್ಪಗಾಗಿದ್ದಾರೆ ಎಂದು ನಾನು ಅಂದೆನೆಂದು ಮಾತ್ರ ಹೇಳಬೇಡ.

ಅಮ್ಮನ ಎರಡನೇ ಕಣ್ಣಿನ ಪೊರೆಯನ್ನೂ ತೆಗೆಸಿ ತಿಂಗಳಾಯಿತು. ಈಗ ಗೋಡೆಯ ಮೇಲಿನ ಹಲ್ಲಿಯ ಬೆರಳು ಎಣಿಸುತ್ತಾಳೆ. ನನ್ನ ಹೊಲಿಗೆ ಎಲ್ಲಾದರೂ ಸೊಟ್ಟಗಾದರೆ ಬಾಗಿಲಲ್ಲೇ ನಿಂತು ಹಿಡಿಯುತ್ತಾಳೆ. ಮಾತು ಮಾತ್ರ ಮೂರು ವರ್ಷದಿಂದ ಇದ್ದ ಹಾಗೇ ಇದೆ. ಊಟ ಆಯ್ತಾ, ನಲ್ಲಿ ನಿಲ್ಲಿಸಿದ್ಯಾ, ಬಾಗಿಲು ಹಾಕಿದ್ಯಾ. ದಿನಕ್ಕೆ ಮೂರು ಮಾತು, ಮೂರೂ ಕೆಲಸದವು. ನಿನ್ನ ಕಾಗದ ಬಂದ ದಿನ ಮಾತ್ರ ನಾಲ್ಕನೆಯದು ಬರುತ್ತದೆ: "ನನ್ನ ಮಗ ಬರ್ದಿದಾನೆ." ಅದನ್ನೂ ನನಗೆ ಹೇಳುವುದಿಲ್ಲ, ಕಿಟಕಿಗೆ ಹೇಳುತ್ತಾಳೆ.

ಕಳೆದ ವಾರ ಅಂಗಡಿಗೆ ನಾಲ್ಕು ದಿನ ಬೀಗ ಹಾಕಿ ಸೈಕಲ್ ಹತ್ತಿದೆ. ಹೌದು, ಅದೇ ದಾರಿ. ಮೊದಲ ದಿನ ನದಿಯ ಬಯಲು, ಆಮೇಲೆ ಕಾಲುವೆಯ ಏರಿ. ದಿಬ್ಬವಿಲ್ಲ, ಇಳಿಜಾರಿಲ್ಲ, ಪೆಡಲಿನ ಮೇಲೆ ಕಾಲಿಟ್ಟುಕೊಂಡಿದ್ದರೆ ಸಾಕು, ಸೈಕಲ್ ತಾನಾಗಿ ಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದರಲ್ಲ, ಹಾಗೇ ಇದೆ. ನೀರು ಕಾಲುವೆಯಲ್ಲಿ ನಮ್ಮಷ್ಟೇ ನಿಧಾನವಾಗಿ ಹೋಗುತ್ತಿತ್ತು. ನಾನು ಹತ್ತಿರ ಹೋದರೂ ಕೊಕ್ಕರೆಗಳು ಏಳಲಿಲ್ಲ. 'ನಮ್ಮಷ್ಟೇ' ಎಂದು ಬರೆದುಬಿಟ್ಟೆ ನೋಡು. ಇದ್ದದ್ದು ನಾನೊಬ್ಬಳೇ. ಯಾಕೆ ಹೋದೆ ಎಂದು ಕೇಳಬಹುದು. ತಪ್ಪು ಮಾಡಿದ ಜಾಗದಲ್ಲಿ ನಿಂತು, ಅಪ್ಪನಿಗೆ ಒಂದು ಮಾತು ಹೇಳಿ ಬರಬೇಕು ಅನ್ನಿಸಿತ್ತು. ಮೂರು ವರ್ಷ ಅದಕ್ಕೆ ಧೈರ್ಯ ಬಂದಿರಲಿಲ್ಲ.

ಅಪ್ಪ ನಿವೃತ್ತರಾದ ದಿನ ಅಂಚೆ ಚೀಲ ಕೊಟ್ಟು ಬಂದು ಹೇಳಿದ್ದು ನಿನಗೆ ನೆನಪಿರಬೇಕು. "ಮೂವತ್ತೆರಡು ವರ್ಷ ಬೇರೆಯವರ ಕಾಗದಕ್ಕೋಸ್ಕರ ತುಳಿದೆ. ಇನ್ಮೇಲೆ ನನ್ನ ಪಾಡಿಗೆ ನಾನು ತುಳೀತೀನಿ." ಅವತ್ತಿನಿಂದ ವರ್ಷಕ್ಕೆ ಒಂದು ಸಲ ನಮ್ಮ ಮೂವರ ಪ್ರವಾಸ. ಪ್ರವಾಸವೋ, ಮೆರವಣಿಗೆಯೋ! ಅಪ್ಪ ಪ್ರತಿ ತೂಬಿನ ಹತ್ತಿರ ಇಳಿಯುವುದು, ಪ್ರತಿ ಹಕ್ಕಿಗೂ ನಿಲ್ಲುವುದು. ನಾನು ಮುಂದೆ, ನೀನು ನಡುವೆ, ಅಪ್ಪ ಒಂದು ಗಂಟೆ ಹಿಂದೆ. ಅದಕ್ಕೇ ಅವರು ಅಂಚೆಯವರ ಬುದ್ಧಿಯಿಂದ ಆ ನಿಯಮ ಮಾಡಿದ್ದು: ದಾರಿ ಕವಲೊಡೆದಲ್ಲಿ ಮುಂದಿದ್ದವರು ಸೇತುವೆಯ ಕಟ್ಟೆಯ ಒಳಬದಿಗೆ ಬಾಣದ ಗುರುತು ಹಾಕಬೇಕು. ಹಿಂದಿದ್ದವರು ಗುರುತನ್ನು ಪ್ರಶ್ನಿಸದೆ ಬರಬೇಕು. ದಾರಿ ಬದಲಿಸಿದರೆ ಹಳೆಯ ಗುರುತು ಅಳಿಸಿ, ಕೊನೆಯವರು ಬರುವ ತನಕ ಅಲ್ಲೇ ನಿಂತು ಕಾಯಬೇಕು. ವಿಳಾಸ ತಿದ್ದಿದವನೇ ಕಾಗದ ತಲುಪಿಸಬೇಕು ಎನ್ನುತ್ತಿದ್ದರು. ಬಾಣ ಹಾಕುವ ಕೆಲಸ ನನ್ನದು, ನನ್ನ ಹೊಲಿಗೆಯ ಸೀಮೆಸುಣ್ಣದಿಂದ. ಎಡ ಬಲ ಗೊತ್ತಾಗದೆ ಒದ್ದಾಡುವ ನನಗೆ ಆ ಕೆಲಸ ಕೊಟ್ಟದ್ದಕ್ಕೆ ನೀನು ಎಷ್ಟು ನಗುತ್ತಿದ್ದೆ! ಕತ್ತರಿ ಹಿಡಿಯುವ ಕೈ ಬಲ, ಉಳಿದದ್ದು ಎಡ ಎಂದು ಅಪ್ಪ ಹೇಳಿಕೊಟ್ಟಿದ್ದರು. ನಾನು ಪ್ರತಿ ಸೇತುವೆಯಲ್ಲೂ ಗಾಳಿಯಲ್ಲಿ ಕತ್ತರಿ ಆಡಿಸಿಯೇ ಬಾಣ ಹಾಕುತ್ತಿದ್ದೆ.

ಆ ದಿನವೂ ಆಡಿಸಿದ್ದೆ. ಮೂರನೇ ಸೇತುವೆಯಲ್ಲಿ ಎಡದಂಡೆಗೆ ಬಾಣ ಹಾಕಿ, ತೂಬಿನ ಪಕ್ಕದ ಊಟದ ಅಂಗಡಿಯಲ್ಲಿ ಜಾಗ ಹಿಡಿಯಲು ಹೊರಟೆ. ನೀನು ಅರ್ಧ ಗಂಟೆ ತಡವಾಗಿ ಬಂದೆ. ಅಪ್ಪ ಬರಲೇ ಇಲ್ಲ. ಸಂಜೆಯ ಹೊತ್ತಿಗೆ ತೂಬಿನವರು ಹುಡುಕಿದಾಗ ಬಲದಂಡೆಯಲ್ಲಿ ಸಿಕ್ಕರು. ಮುಂದೆ ದಂಡೆ ಒಡೆದು ದಾರಿ ಕಡಿದಿತ್ತು; ಅಲ್ಲಿಯವರೆಗೆ ಹೋಗಿ, ನಮ್ಮನ್ನು ಕಾಣದೆ, ಆ ಬಿಸಿಲಲ್ಲಿ ವಾಪಸ್ಸು ತುಳಿಯುತ್ತಾ ಬಂದು, ಕಲ್ಲಿನ ಮೇಲೆ ಕೂತಿದ್ದರು. ಸೈಕಲನ್ನು ಸ್ಟ್ಯಾಂಡ್ ಹಾಕಿ, ಬೀಗ ಹಾಕಿ ನಿಲ್ಲಿಸಿದ್ದರು. ಜೀವ ಹೋಗಿತ್ತು. ನೀರಿನ ಕ್ಯಾನು ನಿನ್ನ ಕ್ಯಾರಿಯರ್‌ನಲ್ಲಿತ್ತು.

ಎಲ್ಲರ ಎದುರಿಗೆ ನೀನು ಹೇಳಿದ ಮಾತು ಒಂದಕ್ಷರವೂ ಮರೆತಿಲ್ಲ. "ದೂರದಲ್ಲಿ ಇವಳು ಕಂಡಳು, ನಾನು ಹಿಂದೇನೇ ಬಂದ್ಬಿಟ್ಟೆ. ಗುರುತು ನೋಡ್ಲೇ ಇಲ್ಲ." ಅಷ್ಟೇ ಸಾಕಾಯಿತು. ಅಪ್ಪ ಗುರುತು ಮೀರಿ ಹೋಗುವವರಲ್ಲ. ಅವರು ಬಲಕ್ಕೆ ಹೋಗಿದ್ದಾರೆಂದರೆ ಗುರುತು ಬಲಕ್ಕಿತ್ತು. ಗುರುತು ಹಾಕಿದವಳು ನಾನು. ಅಮ್ಮ ನನ್ನ ಮುಖ ನೋಡಿ, "ಎಡ ಬಲ ಗೊತ್ತಿಲ್ದೋಳ ಕೈಗೆ ದಾರಿ ಕೊಟ್ರಲ್ಲ" ಎಂದಳು. ನಾನೂ ನಂಬಿದೆ ಅಣ್ಣಾ. ಕತ್ತರಿ ಆಡಿಸಿದ್ದು ನೆನಪಿದ್ದರೂ, ಆ ನೆನಪೇ ಸುಳ್ಳಿರಬೇಕು ಎಂದುಕೊಂಡೆ. ಆಮೇಲೆ ನೀನು ನನ್ನ ತಲೆ ಸವರಿ, "ಹೋಗ್ಲಿ ಬಿಡು, ಬೇಕೂಂತ ಮಾಡಿದ್ದಲ್ವಲ್ಲ" ಎಂದೆ. ನಿನ್ನದು ಎಷ್ಟು ದೊಡ್ಡ ಮನಸ್ಸು ಎಂದು ನೆಂಟರೆಲ್ಲ ಹೊಗಳಿದರು. ನಾನು ನಿನ್ನ ಕಾಲು ಹಿಡಿದು ಅತ್ತೆ. ಅದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಯಾಕೆಂದರೆ ಶುಕ್ರವಾರ ಬೆಳಿಗ್ಗೆ ಮೂರನೇ ಸೇತುವೆಯ ಕಟ್ಟೆಯ ಒಳಬದಿಯಲ್ಲಿ ನಾನು ಬಾಣ ನೋಡಿದೆ. ನನ್ನ ಸೀಮೆಸುಣ್ಣ ಮೊದಲ ಮಳೆಗೇ ತೊಳೆದುಹೋಗಿರಬೇಕು. ಇದು ಹೋಗಿಲ್ಲ. ಹಳದಿ. ದಿಮ್ಮಿಗಳ ಮೇಲೆ ಗುರುತು ಹಾಕಲು ನೀನು ಜೇಬಿನಲ್ಲಿಟ್ಟುಕೊಳ್ಳುವ ಮೇಣದ ಬಳಪದ ಹಳದಿ, ಬಿಸಿಲು ಮಳೆ ಯಾವುದಕ್ಕೂ ಜಗ್ಗದ್ದು. ಬಾಣ ಬಲಕ್ಕಿದೆ, ಬಾಲಕ್ಕೆ ನಿಮ್ಮ ಡಿಪೋದವರು ಹಾಕುವ ಎರಡು ಅಡ್ಡಗೆರೆ. ಅದರ ಪಕ್ಕದಲ್ಲಿ ಒಂದು ಹಳದಿ ಗುಣಿಸು ಚಿಹ್ನೆ, ಅದರ ಕೆಳಗೆ ಏನೂ ಇಲ್ಲ. ಏನೂ ಇಲ್ಲದ ಆ ಜಾಗದಲ್ಲಿ ನನ್ನ ಬಾಣ ಇತ್ತು; ಅದನ್ನು ಹೊಡೆದುಹಾಕಲು ನೀನು ಎಳೆದ ಗೆರೆಗಳು ಅವು.

ಕೂತು ಯೋಚಿಸಿದೆ. ಆಮೇಲೆ ಸೈಕಲ್ ಹತ್ತಿ ಬಲದಂಡೆಗೆ ಹೋದೆ. ಮೊದಲಿಗೆ ಮರಗಳ ಸಾಲು, ಒಳ್ಳೆಯ ನೆರಳು. ಅಪ್ಪನಿಗೆ ನೆರಳಿರಲಿ ಎಂದೇ ನೀನು ಬಾಣ ತಿದ್ದಿರಬೇಕು; ಅಷ್ಟು ಒಳ್ಳೆಯದನ್ನು ನಿನ್ನ ಬಗ್ಗೆ ಇನ್ನೂ ನಂಬುತ್ತೇನೆ. ಅರ್ಧ ಕಿಲೋಮೀಟರು ದಾಟಿದರೆ ಕಾಲುವೆಯ ನೀರು ಜಿನುಗಿ ಕೆಸರು, ಈ ಬೇಸಿಗೆಯಲ್ಲೂ ಹಿಮ್ಮಡಿ ಮುಳುಗುವಷ್ಟು. ಅವತ್ತು ಊಟದ ಅಂಗಡಿಗೆ ನೀನು ಬಂದಾಗ ನಿನ್ನ ಹೊಸ ಬೂಟು ಕೆಸರಾಗಿತ್ತು. ಎಮ್ಮೆ ಮೇಯಿಸಲು ಹೋಗಿದ್ದೆಯಾ ಎಂದು ನಾನು ರೇಗಿಸಿದ್ದೆ, ನೀನು ನಕ್ಕಿರಲಿಲ್ಲ. ಎಡದಂಡೆ ಆವತ್ತು ಒಣಗಿ ಬಿರುಕು ಬಿಟ್ಟಿತ್ತು. ನೀನು ಕೆಸರಿಗೆ ಹೆದರಿ ಹಿಂದಕ್ಕೆ ಬಂದೆ. ಬಾಣದ ಪಕ್ಕದಲ್ಲೇ ಹಾದು ಎಡಕ್ಕೆ ಬಂದೆ. ಹಸಿವೋ, ಬೇಸರವೋ, ಅಪ್ಪ ಹೇಗೂ ಕೆಸರು ನೋಡಿ ತಿರುಗುತ್ತಾರೆ ಎಂದುಕೊಂಡೆಯೋ, ನಿಲ್ಲಲಿಲ್ಲ, ಅಳಿಸಲಿಲ್ಲ. ಅವರು ತಿರುಗಲಿಲ್ಲ. ಮೂವತ್ತೆರಡು ವರ್ಷ ಕೆಸರಿನಲ್ಲಿ ಸೈಕಲ್ ಹೊತ್ತು ಮನೆಮನೆಗೆ ಕಾಗದ ಮುಟ್ಟಿಸಿದವರು. ಗುರುತು ಬಲಕ್ಕೆ ಅಂದರೆ ಅವರಿಗೆ ಬಲಕ್ಕೇ.

ಅಳಿಸದೆ ಹೋದದ್ದನ್ನು ನಾನು ಕ್ಷಮಿಸಬಲ್ಲೆ, ನಿಜವಾಗಿ ಹೇಳುತ್ತೇನೆ. ಯಾರಿಂದಲೂ ಆಗಬಹುದಾದ ತಪ್ಪು. ಆದರೆ ನನ್ನ ತಲೆ ಸವರಿದೆಯಲ್ಲ, ನನ್ನನ್ನು ಕ್ಷಮಿಸಿದೆಯಲ್ಲ, ಅದನ್ನು ಏನು ಮಾಡಲಿ? ಮೂರು ವರ್ಷ ನಾನು ಅಮ್ಮನಿಗೆ ಬೆನ್ನು ಉಜ್ಜಿದ್ದೇನೆ, ಕಣ್ಣಿಗೆ ಔಷಧಿ ಬಿಟ್ಟಿದ್ದೇನೆ, ಒಂದು ಸಲವೂ ಅವಳು ನನ್ನ ಹೆಸರು ಹಿಡಿದು ಕರೆದಿಲ್ಲ. ನೀನು ಪ್ರತಿ ಕಾಗದದ ಕೊನೆಗೆ "ತಂಗಿಯ ಮೇಲೆ ಕೋಪ ಬೇಡಮ್ಮ" ಎಂದು ಬರೆಯುತ್ತಿದ್ದೆ. ಅಮ್ಮನಿಗೆ ಕಣ್ಣು ಕಾಣದಿದ್ದಾಗ ಆ ಸಾಲನ್ನು ಓದಿ ಹೇಳುತ್ತಿದ್ದವಳು ನಾನೇ.

ಸಾಕು, ಬೀದಿಯಲ್ಲಿ ಗಿರಾಕಿ ನಿಂತಿದ್ದಾರೆ. ಅತ್ತಿಗೆಗೆ ನನ್ನ ನೆನಪುಗಳು, ಮಗುವಿಗೆ ಮುತ್ತು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಕೈ ಬರುತ್ತಿಲ್ಲ, ಕೆಟ್ಟದ್ದಾಗಲಿ ಎಂದೂ ಬರುತ್ತಿಲ್ಲ.

ಇಂತಿ,
ನಿನ್ನ ತಂಗಿ

ಮರೆತಿದ್ದೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಾನು ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಹೇಳಿದರೂ ನಂಬುವುದಿಲ್ಲ. ಆದರೆ ನಾನು ಹೋಗಿಬಂದದ್ದು ಗೊತ್ತಾಗಿ, ನಿನ್ನೆ ಮೂರು ವರ್ಷದಲ್ಲಿ ಮೊದಲ ಸಲ ತಾನಾಗಿ ನನ್ನ ಹತ್ತಿರ ಬಂದು, "ಅವರು ಕೊನೇಗೆ ಕೂತಿದ್ದ ಜಾಗ ನಾನೂ ನೋಡ್ಬೇಕು, ಕರ್ಕೊಂಡು ಹೋಗ್ತೀಯಾ" ಎಂದು ಕೇಳಿದಳು. ಬರುವ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ ಗಾಡಿ ಹೇಳಿದ್ದೇನೆ. ಮೂರನೇ ಸೇತುವೆಯಲ್ಲಿ ಇಳಿದೇ ನಡೆಯಬೇಕು. ಇಲ್ಲಿ ನಮ್ಮ ಅಡಿಗೆಮನೆ ಬಾಗಿಲಿಗೆ ನಿನ್ನ ಮಗಳ ಎತ್ತರ ಗುರುತು ಹಾಕಿದ್ದೀಯಲ್ಲ, ಹಳದಿ ಬಾಣ, ಬಾಲಕ್ಕೆ ಎರಡು ಅಡ್ಡಗೆರೆ. ಅಮ್ಮ ದಿನಾ ಅದನ್ನು ಸೆರಗಿನಿಂದ ಒರೆಸಿ ಮುಟ್ಟಿ ನೋಡುತ್ತಾಳೆ. ಶುಕ್ರವಾರ ನನ್ನ ಚೀಲದಲ್ಲಿ ಸೀಮೆಎಣ್ಣೆಯೂ ಚಿಂದಿಯೂ ಇದ್ದವು, ಚೈನಿಗೆಂದು ತಂದದ್ದು. ನಿನ್ನ ಬಾಣ ಅಳಿಸಲು ಎರಡು ನಿಮಿಷ ಸಾಕಿತ್ತು. ಅಳಿಸಲಿಲ್ಲ. ಗುರುತು ತಿದ್ದಿದವರೇ ನಿಂತು ಕಾಯಬೇಕು ಅಣ್ಣಾ. ಅಷ್ಟರೊಳಗೆ ಬಾ.