ತೆರೆಯದ ಬಾಗಿಲಿಗೆ ಕೊಬ್ಬು

ಅಕ್ಕಾ, ಬ್ರಿಟನ್ನಿನ ಗಡಿಗೋಡೆಯ ಮೇಲಿಂದ ನಿನ್ನ ತಮ್ಮ ವಿಕ್ಟೊ. ಬದುಕಿದ್ದೇನೆ, ಸದ್ಯಕ್ಕೆ.

ಗೋಡೆಗೆ ಮೈಲಿಗೊಂದು ಬಾಗಿಲಿರಬೇಕು ಅಂತ ಚಕ್ರವರ್ತಿ ಹೇಡ್ರಿಯನ್ನರ ಅಪ್ಪಣೆ. ನಮ್ಮ ಮೈಲಿ ಮುಗಿಯುವ ಕಡೆ ಬರೀ ಪ್ರಪಾತ. ಅಪ್ಪಣೆ ಅಪ್ಪಣೆಯೇ ಅಂತ ಅಲ್ಲೂ ಬಾಗಿಲಿಟ್ಟರು. ತೆರೆದು ಹೆಜ್ಜೆ ಇಟ್ಟರೆ ನೇರ ಕೆಳಗಿನ ಕೆರೆಗೆ. ಅದನ್ನು ಕಾಯುವವರು ನಾನು ಮತ್ತು ಜೊತೆಗಾರ ಅಟ್ಟೊ. ಕಟ್ಟಿದ ಮೇಲೆ ಒಮ್ಮೆಯೂ ತೆರೆದಿಲ್ಲ.

ಇವತ್ತು ಬೆಳಿಗ್ಗೆ ನೋಡಿದರೆ ಬಾಗಿಲ ಕೀಲುಗಳಿಗೆಲ್ಲ ಹಂದಿ ಕೊಬ್ಬು ಸವರಿದೆ.

"ಯಾಕೋ ಸವರಿದೆ?" ಅಂತ ಅಟ್ಟೊನನ್ನು ಕೇಳಿದೆ.

"ಕಿರುಗುಟ್ತಿತ್ತು ಕಣೋ."

"ತೆಗೀದೇ ಇರೋ ಬಾಗಿಲು ಹೆಂಗೋ ಕಿರುಗುಟ್ಟುತ್ತೆ?"

"ನಿನ್ನ ತಲೇನೂ ಕಿರುಗುಟ್ತಿದೆ, ಅದಕ್ಕೂ ಒಂಚೂರು ಸವರ್ಲಾ?"

ನನಗೆ ನಗು ಬರಲಿಲ್ಲ. ದಳದಲ್ಲಿ ಖಾಲಿ ಇರುವ ಮೇಲಿನ ಹುದ್ದೆ ಒಂದೇ, ಕಾದು ಕೂತವರು ನಾವಿಬ್ಬರು. ಈಗ ನನ್ನ ಹಾಸಿಗೆಯನ್ನೂ ಅವನೇ ಎತ್ತಿ ತಂದು ಆ ಬಾಗಿಲ ಬುಡದಲ್ಲಿ ಹಾಸಿದ್ದಾನೆ. ಅಲ್ಲಿ ಗಾಳಿ ಕಡಿಮೆಯಂತೆ. ಪ್ರಪಾತದ ಬಾಯಲ್ಲಿ ಗಾಳಿ ಕಡಿಮೆಯಂತೆ ಅಕ್ಕಾ.

ಅವನು ಸವರಿದ್ದು ನನ್ನ ಕೊಬ್ಬು, ಒಡೆದ ಹಿಮ್ಮಡಿಗೆ ಅಂತ ಇಟ್ಟುಕೊಂಡಿದ್ದೆ. ಉಣ್ಣೆಯ ಕಾಲುಚೀಲ ಕಳಿಸು, ದಪ್ಪನೆಯದು. ಓಲೆ ಒಯ್ಯುವ ಗಾಡಿಯವನು ಹೊರಟು ನಿಂತಿದ್ದಾನೆ, ಬರೆಯುತ್ತಿರುವ ಈ ಮರದ ಹಲಗೆಯಲ್ಲೂ ಇನ್ನು ಹೆಚ್ಚು ಜಾಗವಿಲ್ಲ.

ವಿಕ್ಟೊ ಕಾಲು ಜಾರಿ ಬಿದ್ದ ಅಂತ ಅಟ್ಟೊ ಬರೆದರೆ ನಂಬಬೇಡ. ಇವತ್ತಿನಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಮಲಗುತ್ತೇನೆ. ಇನ್ನೊಂದು ತುದಿ ಅವನ ಕಾಲಿಗೆ.